ಟ್ರೇಲರ್ ಟೈರ್: ಬಟನ್ ಇನ್ನೂ ದಪ್ಪಗಿದೆ, ಬದಲಿಸಬೇಕಾ?

ಬನಶಂಕರಿ ಕ್ಯಾಂಪರ್

ಎಲ್ಲರಿಗೂ ನಮಸ್ಕಾರ. ಸಿಂಗಲ್ ಆಕ್ಸಲ್ ಕ್ಯಾರವಾನ್ ಟ್ರೇಲರ್, ಲೀಫ್ ಸ್ಪ್ರಿಂಗ್. ಸಾಮಾನು, ನೀರು ತುಂಬಿದರೆ ಸುಮಾರು 1,400 ಕೆಜಿ ಅಂತ ಕಟ್ಟಿಕೊಟ್ಟವರ ಅಂದಾಜು. ಟೈರ್ 215/75 ಆರ್ 15, ಪಕ್ಕದಲ್ಲಿ 100 ಎಸ್ (ಹೊರೆಯ ಇಂಡೆಕ್ಸ್ 100, ವೇಗದ ಅಕ್ಷರ ಎಸ್) ಅಂತ ಅಚ್ಚಾಗಿದೆ. ಓಡಿರುವುದು 9,000 ಕಿ.ಮೀ. ಮಾತ್ರ, ಬಟನ್ (ರಸ್ತೆಗೆ ತಾಗುವ ಮೇಲ್ಮೈಯ ಉಬ್ಬು) ಆಳ ಗೇಜಿನಲ್ಲಿ 6.5 ಮಿ.ಮೀ. ಖರೀದಿ 2021ರಲ್ಲಿ, ಆದರೆ ಟೈರಿನ ಮೇಲಿನ ಕೋಡ್ 0819. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಕೂದಲೆಳೆಯಂಥ ಗೆರೆಗಳು ಕಾಣುತ್ತಿವೆ. ಟೈರ್ ಅಂಗಡಿಯವರು "ಹೊಸದಿದ್ದಂಗಿದೆ ಸಾರ್, ಇನ್ನೂ 30 ಸಾವಿರ ಓಡುತ್ತೆ" ಅಂತಾರೆ. ಡಿಸೆಂಬರ್‌ನಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರು ಕಡೆ ಹೋಗುವ ಯೋಚನೆ. ಬದಲಿಸಬೇಕಾ, ಇನ್ನೊಂದು ವರ್ಷ ತಳ್ಳಬಹುದಾ?

ಗಾಳಿಮಾಪಕ

ಬದಲಿಸಿ ಸಾರ್. ಗೆರೆಗಳ ವಿಷಯ ಆಮೇಲೆ. ಕೋಡ್ ಒಂದೇ ಸಾಕು.

0819 ಅಂದ್ರೆ 2019ರ 8ನೇ ವಾರ, ಫೆಬ್ರವರಿ. ಟೈರಿನ ವಯಸ್ಸನ್ನು ಲೆಕ್ಕ ಹಾಕೋದು ತಯಾರಾದ ದಿನದಿಂದ, ಬಿಲ್ ಹಾಕಿಸಿದ ದಿನದಿಂದ ಅಲ್ಲ. ನೀವು 2021ರಲ್ಲಿ ತಗೊಂಡಾಗಲೇ ಅದಕ್ಕೆ ಎರಡು ವರ್ಷ ಆಗಿತ್ತು. ಈಗ ಆರು ದಾಟಿದೆ. ಬ್ರಿಟನ್ನಿನ ಕ್ಯಾರವಾನ್ ಕ್ಲಬ್‌ಗಳು ಹೇಳೋದು ಐದು ವರ್ಷಕ್ಕೆ ಬದಲಿಸಿ, ಏಳರ ಮೇಲೆ ಯಾವ ಕಾರಣಕ್ಕೂ ಓಡಿಸಬೇಡಿ ಅಂತ. ಜರ್ಮನಿಯಲ್ಲಿ ಕ್ಯಾರವಾನ್ ಎಳೆದುಕೊಂಡು ಗಂಟೆಗೆ 100 ಕಿ.ಮೀ. ಹೋಗಲು ವಿಶೇಷ ಅನುಮತಿ ಬೇಕು, ಅದರ ಷರತ್ತುಗಳಲ್ಲಿ ಟ್ರೇಲರ್ ಟೈರ್ ಆರು ವರ್ಷದೊಳಗಿನದಾಗಿರಬೇಕು ಅನ್ನೋದೂ ಒಂದು. ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳು ಬಟನ್ ಆಳಕ್ಕೆ ಮಿತಿ ಹಾಕಿವೆ, ಕಾರಿಗೆ 1.6 ಮಿ.ಮೀ. ಅಂಗಡಿಯವರು ನೋಡೋದು ಅದನ್ನೇ. ಅವರ ತಪ್ಪಲ್ಲ, ದಿನಾ ಅವರ ಕೈಗೆ ಬರೋದು ವರ್ಷಕ್ಕೆ 15–20 ಸಾವಿರ ಓಡೋ ಕಾರಿನ ಟೈರು. ಅದು ಸವೆದು ಸಾಯುತ್ತೆ. ಟ್ರೇಲರ್ ಟೈರ್ ನಿಂತು ನಿಂತು ಸಾಯುತ್ತೆ.

ರಿಂಗ್ ರೋಡ್ ರಾಯ

ಇದು ಸ್ವಲ್ಪ ಅತಿಯಾಯ್ತು ಗುರು. ಕಾರ್ ಟೈರಿಗೆ ಹತ್ತು ವರ್ಷ ಅಂತ ಟೈರ್ ಕಂಪನಿಗಳೇ ಹೇಳ್ತವೆ. ಅದೇ ಟೈರು, ಅದೇ ರಬ್ಬರು. ಟ್ರೇಲರಿಗೆ ಹಾಕಿದ ತಕ್ಷಣ ಆಯಸ್ಸು ಅರ್ಧ ಆಗೋದು ಹೆಂಗೆ? ಎಂಜಿನ್ ಇಲ್ಲ, ಎಳೆತ ಇಲ್ಲ, ಸುಮ್ಮನೆ ಉರುಳೋದು ತಾನೇ?

ಗಾಳಿಮಾಪಕ

ನ್ಯಾಯವಾದ ಪ್ರಶ್ನೆ. ಮೊದಲಿಗೆ, ಆ ಹತ್ತು ವರ್ಷ ಅನ್ನೋದು "ಅಷ್ಟು ಬಾಳುತ್ತೆ" ಅಂತ ಅಲ್ಲ. ಐದು ವರ್ಷ ಆದಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತಾದ ಮೇಲೆ ನೋಡೋಕೆ ಚೆನ್ನಾಗಿದ್ದರೂ ತೆಗೆಯಿರಿ ಅಂತ.

ಇನ್ನು ರಬ್ಬರು. ಸೈಡ್‌ವಾಲ್ ರಬ್ಬರಿನೊಳಗೆ ಓಜೋನ್ ತಡೆಯುವ ಮೇಣ, ರಾಸಾಯನಿಕ ಬೆರೆಸಿರುತ್ತಾರೆ. ಟೈರ್ ಉರುಳುವಾಗ ಸೈಡ್‌ವಾಲ್ ಬಳುಕಿ ಬಳುಕಿ ಆ ಮೇಣ ಮೇಲಕ್ಕೆ ಬರುತ್ತೆ, ತೆಳು ಪದರವಾಗಿ ಕಾಯುತ್ತೆ. ದಿನಾ ಓಡೋ ಕಾರಿನಲ್ಲಿ ಇದು ತಾನಾಗೇ ನಡೆಯುತ್ತೆ. ಹತ್ತು ತಿಂಗಳು ಒಂದೇ ಜಾಗದಲ್ಲಿ ನಿಂತ ಟ್ರೇಲರಿನಲ್ಲಿ ಮೇಣ ಮೇಲೆ ಬರಲ್ಲ. ಬಿಸಿಲು, ಓಜೋನ್ ನೇರ ರಬ್ಬರಿಗೇ ಬೀಳುತ್ತೆ. ನಿಮ್ಮ ಕೂದಲೆಳೆ ಗೆರೆಗಳು ಅದರ ಗುರುತು. ಜೊತೆಗೆ ನಿಂತಾಗಲೂ ಪೂರ್ತಿ ಭಾರ ಒಂದೇ ಜಾಗದ ಮೇಲೆ.

ಇನ್ನೊಂದು, ಟೈರ್ ಒಳಗಿನ ಗಾಳಿಯ ಆಮ್ಲಜನಕ ನಿಧಾನವಾಗಿ ರಬ್ಬರ್ ಮೂಲಕ ಹೊರಗೆ ನುಸುಳುತ್ತಾ ಬಟನ್ ಕೆಳಗಿರೋ ಸ್ಟೀಲ್ ಬೆಲ್ಟ್‌ಗಳ (ತಂತಿಯ ಪಟ್ಟಿಗಳ) ನಡುವಿನ ರಬ್ಬರನ್ನು ಗಡಸು ಮಾಡುತ್ತೆ. ಬೆಲ್ಟಿನ ಅಂಚಲ್ಲಿ ಸಣ್ಣ ಬಿರುಕು ಶುರುವಾಗುತ್ತೆ. ಇದು ಹೊರಗೆ ಕಾಣಲ್ಲ. ಒಂದು ದಿನ ಬಿಸಿ ರಸ್ತೆಯಲ್ಲಿ, ಗಾಳಿ ಕಮ್ಮಿ ಇದ್ದಾಗ, ಮೇಲಿನ ಬಟನ್ ಪಟ್ಟಿ ಬಾಳೆಹಣ್ಣಿನ ಸಿಪ್ಪೆ ಸುಲಿದಂಗೆ ಎದ್ದು ಬರುತ್ತೆ. ಕಾರಿನಲ್ಲಾದರೆ ಸ್ಟೇರಿಂಗ್ ಅದುರಿ ಮೊದಲೇ ಸೂಚನೆ ಕೊಡುತ್ತೆ. ಟ್ರೇಲರ್ ಹಿಂದೆ ಇರೋದರಿಂದ ಡ್ರೈವರಿಗೆ ಏನೂ ಗೊತ್ತಾಗಲ್ಲ, ಗೊತ್ತಾಗೋದು ಪಕ್ಕದವರು ಹಾರ್ನ್ ಹೊಡೆದಾಗ.

ಲೀಫ್ ಸ್ಪ್ರಿಂಗ್

ಮೇಲಿನವರು ಹೇಳಿದ ಬೆಲ್ಟ್ ಬಿಡೋದನ್ನ ಮನೆಯಲ್ಲೇ ಸ್ವಲ್ಪ ಮಟ್ಟಿಗೆ ಹಿಡಿಯಬಹುದು. ಎರಡು ದಾರಿ.

ಮೊದಲನೆಯದಕ್ಕೆ ಟೈಲರ್ ಟೇಪ್ ಸಾಕು. ಎರಡೂ ಟೈರಿಗೆ ಒಂದೇ ಗಾಳಿ ಇಟ್ಟು, ಚಕ್ರ ಎತ್ತಿ, ಬಟನ್ ನಟ್ಟನಡುವೆ ಸುತ್ತಳತೆ ತೆಗೀರಿ. ಒಂದೇ ಕಂಪನಿ, ಒಂದೇ ಸೈಜ್, ಒಂದೇ ಸವೆತ ಇರೋ ಎರಡು ಟೈರಲ್ಲಿ ಒಂದು ಎದ್ದು ಕಾಣುವಷ್ಟು ದೊಡ್ಡದಾಗಿದ್ರೆ ಅದರ ಬೆಲ್ಟ್ ಸಡಿಲ ಆಗಿದೆ ಅಂತ ಅನುಮಾನಪಡಿ.

ಎರಡನೆಯದು, ಚಕ್ರ ನೆಲದಿಂದ ಎತ್ತಿ, ಇಟ್ಟಿಗೆ ಮೇಲೆ ಸೀಮೆಸುಣ್ಣ ಇಟ್ಟು ಅದರ ತುದಿ ಬಟನ್‌ಗೆ 2–3 ಮಿ.ಮೀ. ದೂರದಲ್ಲಿರೋ ಹಾಗೆ ನಿಲ್ಲಿಸಿ, ಕೈಯಲ್ಲಿ ನಿಧಾನ ತಿರುಗಿಸಿ. ಒಂದೇ ಕಡೆ ಸೀಮೆಸುಣ್ಣ ತಾಗಿ ಗೆರೆ ಬಿದ್ದರೆ ಅಲ್ಲಿ ಉಬ್ಬು ಇದೆ. ರಿಮ್ ಸೊಟ್ಟ ಇದ್ದರೂ ಹಿಂಗೇ ಆಗುತ್ತೆ, ಅದಕ್ಕೆ ರಿಮ್ ಅಂಚಿಗೂ ಅದೇ ಪರೀಕ್ಷೆ ಮಾಡಿ. ರಿಮ್ ಸರಿಯಿದ್ದು ಟೈರ್ ಮಾತ್ರ ಉಬ್ಬಿದ್ದರೆ ಆ ಟೈರನ್ನ ಊರೊಳಗೂ ಓಡಿಸಬೇಡಿ.

ಒಳಬದಿ ಸೈಡ್‌ವಾಲ್ ನೋಡೋದು ಎಲ್ಲರೂ ಮರೆಯೋ ಕೆಲಸ. ಮಲಗಿ ಟಾರ್ಚ್ ಬಿಡಿ. ಬೆಂಗಳೂರಿನ ಗುಂಡಿ, ಅಳತೆಯಿಲ್ಲದ ಹಂಪು, ಇವುಗಳ ಏಟು ಬೀಳೋದು ಹೆಚ್ಚಾಗಿ ಒಳಬದಿಗೆ. ಕೈಯಾಡಿಸಿದಾಗ ನಿಂಬೆಕಾಯಿಯಷ್ಟು ಉಬ್ಬು ಸಿಕ್ಕರೆ ಒಳಗಿನ ನೂಲು ಹರಿದಿದೆ, ಅಲ್ಲಿಗೆ ಮುಗೀತು. ಒಳಕ್ಕೆ ತಗ್ಗಿರೋ ಉದ್ದುದ್ದ ಗೆರೆಯಾದ್ರೆ ಅದು ಸಾಮಾನ್ಯವಾಗಿ ನೂಲಿನ ಜೋಡಣೆಯ ಗುರುತು, ಹೆದರಬೇಡಿ.

ಬಿರುಕಿಗೆ ಅಳತೆ: ಉಗುರು ಆಡಿಸಿದರೆ ಸಿಕ್ಕಿಕೊಳ್ಳದಷ್ಟು ಮೇಲ್ಮೇಲಿನದು ಬರೀ ಎಚ್ಚರಿಕೆ. ಉಗುರು ಸಿಕ್ಕಿಕೊಂಡರೆ, ಅಥವಾ ಬಿರುಕು ರಿಮ್ ಕೂರೋ ಅಂಚಿನ ಹತ್ತಿರ, ಬಟನ್ ನಡುವಿನ ಕಾಲುವೆಯ ತಳದಲ್ಲಿ ಇದ್ದರೆ ಬದಲಿಸಬೇಕು. ನೂಲು ಕಂಡರೆ ಮಾತೇ ಇಲ್ಲ.

ಹುಬ್ಬಳ್ಳಿ ಹುಡುಗ, ಹೆಬ್ಬಾಳ

ಸವೆತದ ನಮೂನಿನೂ ನೋಡ್ರಿ. ಎರಡೂ ಅಂಚು ಸವದಿದ್ರ ಗಾಳಿ ಕಮ್ಮಿ ಅಥವಾ ಭಾರ ಜಾಸ್ತಿ. ನಡುವ ಸವದಿದ್ರ ಗಾಳಿ ಜಾಸ್ತಿ. ಒಂದ ಅಂಚು ಸವದಿದ್ರ ಆಕ್ಸಲ್ ಬಗ್ಗೇತಿ ಅಂತ ತಿಳೀರಿ, ಗುಂಡಿಗೆ ಬಿದ್ದಿದ್ದಕ್ಕ ಅಥವಾ ಓವರ್‌ಲೋಡಿಗೆ. ಅಲ್ಲಲ್ಲಿ ತಟ್ಟಿ ತಟ್ಟಿ ತೆಗದಂಗ ಸವದಿದ್ರ ಬ್ಯಾಲೆನ್ಸ್ ಇಲ್ಲ ಅಥವಾ ಬೇರಿಂಗ್ ಸಡಿಲ. ಆಕ್ಸಲ್ ಬಗ್ಗಿದ್ದನ್ನ ಹಂಗ ಬಿಟ್ಟು ಹೊಸ ಟೈರ್ ಹಾಕಿದ್ರ ಅದೂ ಹಂಗ ಸವೀತೈತಿ, ರೊಕ್ಕ ನೀರಾಗ ಹಾಕಿದಂಗ.

ಬನಶಂಕರಿ ಕ್ಯಾಂಪರ್

ನೋಡಿದೆ. ಸುತ್ತಳತೆ ಎರಡೂ ಹೆಚ್ಚುಕಮ್ಮಿ ಒಂದೇ. ಎಡ ಟೈರಿನ ಹೊರ, ಒಳ ಎರಡೂ ಅಂಚು ಬಲಗಡೆಯದಕ್ಕಿಂತ ಸ್ವಲ್ಪ ಜಾಸ್ತಿ ಸವೆದಿದೆ. ಗಾಳಿ ಎರಡಕ್ಕೂ 35 ಪಿಎಸ್‌ಐ ಇಟ್ಟಿರುತ್ತೇನೆ. ಇದರರ್ಥ ಎಡಕ್ಕೆ ಭಾರ ಜಾಸ್ತಿ ಅಂತಲಾ?

ಟೋ ಬಾರ್

ಅಂತಲೇ. ಅಂದಾಜು ಬಿಟ್ಟು ತೂಕ ಹಾಕಿಸಿ ಸರ್. ಪೀಣ್ಯ, ಯಶವಂತಪುರ ಯಾರ್ಡ್ ಕಡೆ ವೇ ಬ್ರಿಡ್ಜ್‌ಗಳಿಗೆ ಬರವಿಲ್ಲ. ನೆಲಮಟ್ಟಕ್ಕೇ ಇರುವ ಪ್ಲಾಟ್‌ಫಾರ್ಮ್ ಹುಡುಕಿ, ಇಳಿಜಾರು ಹತ್ತಿ ಹೋಗುವಂಥದ್ದರಲ್ಲಿ ಒಂದು ಬದಿಯ ಲೆಕ್ಕ ತಪ್ಪುತ್ತದೆ. ಬೆಳಗ್ಗೆ ಬೇಗ ಹೋದರೆ ಲಾರಿಗಳ ಸಾಲು ಇರುವುದಿಲ್ಲ, ಅವರೂ ಬೇಸರಪಡುವುದಿಲ್ಲ.

ಪ್ರವಾಸಕ್ಕೆ ಹೊರಡುವ ಹಾಗೆಯೇ ತುಂಬಿಕೊಂಡು ಹೋಗಿ. ನೀರಿನ ಟ್ಯಾಂಕ್ ತುಂಬಿರಲಿ (100 ಲೀಟರ್ ಅಂದರೆ 100 ಕೆಜಿ), ಗ್ಯಾಸ್ ಸಿಲಿಂಡರ್, ಬ್ಯಾಟರಿ, ಪಾತ್ರೆ, ಎಲ್ಲ ಇರಲಿ. 14.2 ಕೆಜಿಯ ಗೃಹಬಳಕೆ ಸಿಲಿಂಡರ್ ತುಂಬಿದ್ದಾಗ ಕಬ್ಬಿಣವೂ ಸೇರಿ 30 ಕೆಜಿ ಹತ್ತಿರ ಬರುತ್ತದೆ, ಮರೆಯಬೇಡಿ. ಕಾರಿನಿಂದ ಬಿಚ್ಚದೆ, ಟ್ರೇಲರಿನ ಎರಡು ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಿ ಒಂದು ತೂಕ. ಆಮೇಲೆ ಎಡ ಚಕ್ರ ಮಾತ್ರ ಮೇಲೆ, ಬಲ ಚಕ್ರ ಹೊರಗೆ ಬರುವ ಹಾಗೆ ಇನ್ನೊಂದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬಲ ಚಕ್ರದ ಭಾರ. ಲಾರಿಗಾಗಿ ಇರುವ ವೇ ಬ್ರಿಡ್ಜ್ 5 ಅಥವಾ 10 ಕೆಜಿ ಹೆಜ್ಜೆಯಲ್ಲಿ ತೋರಿಸುತ್ತದೆ, ನಮಗೆ ಅಷ್ಟು ಸಾಕು.

ಬನಶಂಕರಿ ಕ್ಯಾಂಪರ್

ತೂಕ ಆಯಿತು. ಎರಡೂ ಚಕ್ರ ಸೇರಿ 1,380. ಎಡ 750, ಬಲ 630. ಎಡಗಡೆ ಅಡುಗೆ ಕಟ್ಟೆ, ಅದರ ಕೆಳಗೆ 150 ಎಎಚ್ ಟ್ಯೂಬುಲರ್ ಬ್ಯಾಟರಿ. ಟೈರಿನ ಇಂಡೆಕ್ಸ್ 100 ಅಂದರೆ 800 ಕೆಜಿ ಅಂತ ಪಟ್ಟಿಯಲ್ಲಿದೆ. ಹಾಗಿದ್ದರೆ ಮಿತಿಯೊಳಗೇ ಇದೆಯಲ್ಲವೇ?

ಟೋ ಬಾರ್

ಕಾಗದದ ಮೇಲೆ ಮಾತ್ರ. ಆ 800 ಕೆಜಿ ಕಾರಿಗೆ. ಕಾರ್ ಟೈರನ್ನು ಟ್ರೇಲರಿಗೆ ಹಾಕಿದಾಗ ಅಮೆರಿಕದ ನಿಯಮದ ಪ್ರಕಾರ ಅದರ ಸಾಮರ್ಥ್ಯವನ್ನು 1.1ರಿಂದ ಭಾಗಿಸಬೇಕು. 800 ಭಾಗಿಸು 1.1, ಅಂದರೆ 727. ನಿಮ್ಮ ಎಡ ಚಕ್ರದಲ್ಲಿ 750. 23 ಕೆಜಿ ಮಿತಿ ದಾಟಿದ್ದೀರಿ, ಅದೂ ನಿಂತ ತೂಕದಲ್ಲಿ. ಹಂಪ್ ಹಾರುವಾಗ, ಘಾಟಿಯ ತಿರುವಿನಲ್ಲಿ ಹೊರಬದಿಯ ಚಕ್ರಕ್ಕೆ ಬೀಳುವುದು ಇದಕ್ಕಿಂತ ಎಷ್ಟೋ ಹೆಚ್ಚು. ಎಡ ಟೈರಿನ ಎರಡು ಅಂಚು ಸವೆದಿದ್ದು ಸುಮ್ಮನೆ ಅಲ್ಲ.

ಟ್ರೇಲರಿಗೆ ಟೈರ್ ಆರಿಸುವಾಗ ಭಾರ ಹೆಚ್ಚಿರುವ ಚಕ್ರವನ್ನು ಲೆಕ್ಕಕ್ಕೆ ಹಿಡಿದು, ಅದರ ಮೇಲೆ 15–20 ಶೇಕಡಾ ಉಳಿಕೆ ಇಡಿ.

ರಿಂಗ್ ರೋಡ್ ರಾಯ

ಗಾಳಿ ಜಾಸ್ತಿ ಹೊಡೆದರೆ ಆಯ್ತಲ್ಲ? ಟೈರ್ ಮೇಲೆ ಮ್ಯಾಕ್ಸಿಮಮ್ 44 ಅಂತ ಇರುತ್ತೆ. 35 ಬದಲು 44 ಇಟ್ಟರೆ ಭಾರ ತಡೆಯುತ್ತೆ.

ಗಾಳಿಮಾಪಕ

ಕಾರ್ ಟೈರಿಗೆ ಈ ಉಪಾಯ ನಡೆಯಲ್ಲ. ಸ್ಟ್ಯಾಂಡರ್ಡ್ ಲೋಡ್ ಕಾರ್ ಟೈರಿನ ಹೊರೆ ಸಾಮರ್ಥ್ಯ 35 ಪಿಎಸ್‌ಐಗೇ ತುದಿ ಮುಟ್ಟುತ್ತೆ. ಅದರ ಮೇಲೆ 44 ಹೊಡೆದರೆ ಬಿಸಿ ಸ್ವಲ್ಪ ಕಮ್ಮಿಯಾಗಬಹುದು, ಅಚ್ಚಾದ ಕೆಜಿ ಮೇಲೇರಲ್ಲ.

ಟ್ರೇಲರಿಗೇ ಅಂತ ಮಾಡಿದ ಎಸ್‌ಟಿ ಟೈರ್ ಮತ್ತು ಗೂಡ್ಸ್ ಗಾಡಿಯ ಎಲ್‌ಟಿ ಟೈರ್ ಬೇರೆ ಜಾತಿ. ಅಲ್ಲಿ ಗಾಳಿಯೇ ಹೊರೆ ಹೊರೋದು. ಉದಾಹರಣೆಗೆ ಎಸ್‌ಟಿ 225/75 ಆರ್ 15: 65 ಪಿಎಸ್‌ಐನಲ್ಲಿ 1,152 ಕೆಜಿ ಹೊರುತ್ತೆ, 50ಕ್ಕೆ ಇಳಿಸಿದರೆ 975. ಹೊರಗಿಂದ ತಂದ ಡಬಲ್ ಆಕ್ಸಲ್ ಟ್ರೇಲರ್ ಇರೋರು "ಮೆತ್ತಗೆ ಹೋಗಲಿ" ಅಂತ ಗಾಳಿ ಇಳಿಸೋದು ಇದಕ್ಕೇ ಅಪಾಯ. ಎಸ್‌ಟಿ ಟೈರಿಗೆ ಸೈಡ್‌ವಾಲ್ ಮೇಲಿರೋ ಗರಿಷ್ಠ ಗಾಳಿಯನ್ನೇ ತಣ್ಣಗಿರುವಾಗ ಇಡೋದು ರೂಢಿ. ಹಳೇ ಎಸ್‌ಟಿ ಟೈರಿನಲ್ಲಿ ವೇಗದ ಅಕ್ಷರ ಇಲ್ಲದಿದ್ದರೆ ಅದರ ಮಿತಿ ಗಂಟೆಗೆ 65 ಮೈಲಿ, ಅಂದರೆ 104 ಕಿ.ಮೀ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 100ಕ್ಕೆ ಹೋದರೆ ಆ ಟೈರು ತನ್ನ ತುದಿಯಲ್ಲೇ ಓಡ್ತಿರುತ್ತೆ. ನನ್ನ ಕೇಳಿದರೆ ಟ್ರೇಲರ್ ಕಟ್ಟಿಕೊಂಡಾಗ 80. ಬಿಸಿಲ ಹೊತ್ತಲ್ಲಿ ಅದೂ ಸಾಕು ಸಾಕು.

ಅಮ್ಮನ ಗಾಡಿ

ನಮಸ್ತೆ, ಒಂದು ಸಣ್ಣ ಅನುಮಾನ. ಬೆಂಗಳೂರಲ್ಲಿ ಬೆಳಗ್ಗೆ ಚಳಿಯಲ್ಲಿ ಗಾಳಿ ಹೊಡೆಸಿ ಮಂಗಳೂರಿಗೆ ಇಳಿದರೆ ಸೆಕೆಗೆ ಗಾಳಿ ಜಾಸ್ತಿಯಾಗುತ್ತಲ್ಲ, ಅಲ್ಲಿ ಬಿಡಬೇಕಾ?

ಗಾಳಿಮಾಪಕ

ಬೇಡ ಮೇಡಂ. ಇಲ್ಲಿ ಎರಡು ವಿಷಯ ಎದುರುಬದುರು ಎಳೀತವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಚಿಲ್ಲರೆ ಮೇಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 13.2 ಪಿಎಸ್‌ಐ. ಮಂಗಳೂರಲ್ಲಿ 14.7. ಗೇಜ್ ತೋರಿಸೋದು ಒಳಗಿನದರಲ್ಲಿ ಹೊರಗಿನದನ್ನು ಕಳೆದದ್ದು. ಅದಕ್ಕೆ ಕೆಳಗಿಳಿದಾಗ ಗೇಜಿನ ಅಂಕಿ ಒಂದೂವರೆ ಇಳಿಯುತ್ತೆ. ಸೆಕೆ ಅದನ್ನ ಮತ್ತೆ ಏರಿಸುತ್ತೆ. ಇಲ್ಲಿ 18 ಡಿಗ್ರಿಯಲ್ಲಿ 50 ಇಟ್ಟರೆ ಅಲ್ಲಿ 30 ಡಿಗ್ರಿಯಲ್ಲಿ ತಣ್ಣಗಾದ ಟೈರ್ ಸುಮಾರು 51 ತೋರಿಸುತ್ತೆ. ಲೆಕ್ಕ ಹತ್ತಿರ ಹತ್ತಿರ ಸರಿದೂಗುತ್ತೆ.

ಓಡಿ ಬಂದ ಬಿಸಿ ಟೈರಿನಿಂದ ಮಾತ್ರ ಗಾಳಿ ಬಿಡಲೇಬೇಡಿ. ಓಡಿದಾಗ ಒತ್ತಡ ಏರೋದು ಸಹಜ, ಅದನ್ನ ಲೆಕ್ಕ ಹಾಕಿಯೇ ತಣ್ಣಗಿನ ಅಂಕಿ ಕೊಟ್ಟಿರೋದು. ಬಿಟ್ಟರೆ ಮಾರನೇ ಬೆಳಗ್ಗೆ ಗಾಳಿ ಕಮ್ಮಿ ಇರುತ್ತೆ, ಆ ಕಮ್ಮಿ ಗಾಳಿಯೇ ಮತ್ತಷ್ಟು ಬಿಸಿ ಮಾಡುತ್ತೆ.

ನೈಟ್ರೋಜನ್ ಬಗ್ಗೆ ಮುಂದೆ ಯಾರಾದರೂ ಕೇಳ್ತೀರಿ ಅಂತ ಗೊತ್ತು. ಸಾದಾ ಗಾಳಿಯಲ್ಲೇ 78 ಶೇಕಡಾ ಅದೇ ಇದೆ. ಹಾಕಿಸಿದರೆ ನಷ್ಟವಿಲ್ಲ, ತಿಂಗಳಿಗೊಮ್ಮೆ ನೋಡೋ ಕೆಲಸ ತಪ್ಪಲ್ಲ.

ಬನಶಂಕರಿ ಕ್ಯಾಂಪರ್

ಸರಿ, ಬದಲಿಸುವುದು ಖಚಿತ. ಯಾವುದು ಹಾಕಲಿ? ಎಸ್‌ಟಿ ಟೈರ್ ಇಲ್ಲಿ ಸಿಗುತ್ತದೆಯೇ?

ಲೀಫ್ ಸ್ಪ್ರಿಂಗ್

ಎಸ್‌ಟಿ ಹಿಂದೆ ಬೀಳಬೇಡಿ. 2020ರ ಜೂನ್‌ನಲ್ಲಿ ಹೊಸ ಟೈರ್ ಆಮದನ್ನ ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಹೊರಗಿನ ಟೈರ್ ಸುಲಭಕ್ಕೆ ಬರಲ್ಲ. ಎಲ್ಲೋ ಮೂಲೆಯಲ್ಲಿ ಸಿಕ್ಕರೂ ಅದರ ಕೋಡ್ ನಿಮ್ಮ 0819ಗಿಂತ ಹಳೇದಿರೋ ಸಾಧ್ಯತೆ ಇದೆ. ನಮ್ಮಲ್ಲೇ ತಯಾರಾಗೋ ಎಲ್‌ಟಿ ಟೈರ್ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತೆ. ಎಲ್‌ಟಿಗೆ 1.1 ಭಾಗಾಕಾರವೂ ಇಲ್ಲ. ಇಂಡೆಕ್ಸ್ ಎರಡು ಅಂಕಿಯಲ್ಲಿ ಇರುತ್ತೆ, 106/104 ಥರ. ಮೊದಲನೇದು ಒಂಟಿ ಚಕ್ರಕ್ಕೆ, ಎರಡನೇದು ಲಾರಿ ಥರ ಜೋಡಿ ಚಕ್ರ ಇದ್ದಾಗ. ನಿಮಗೆ ಮೊದಲನೇದು ಬೇಕು. 106 ಅಂದ್ರೆ 950 ಕೆಜಿ. ನಿಮ್ಮ 750ರ ಮೇಲೆ 20 ಶೇಕಡಾಗಿಂತ ಹೆಚ್ಚೇ ಉಳಿಕೆ ಸಿಗುತ್ತೆ.

ಸೈಜ್ ಬದಲಾದರೆ ಹೊರವ್ಯಾಸ ಲೆಕ್ಕ ಹಾಕಿ. 215/75 ಆರ್ 15 ಅಂದ್ರೆ 215ರ 75 ಶೇಕಡಾ 161 ಮಿ.ಮೀ., ಅದರ ಎರಡರಷ್ಟು 322, ರಿಮ್ಮಿನ 15 ಇಂಚು 381, ಒಟ್ಟು ಸುಮಾರು 703 ಮಿ.ಮೀ. ಹೊಸದು ಇದಕ್ಕಿಂತ ದೊಡ್ಡದಾದರೆ ಚಕ್ರದ ಗೂಡಿನ ಒಳಗೆ ಮೇಲೆ ಕನಿಷ್ಠ 75 ಮಿ.ಮೀ. ಜಾಗ ಉಳಿಯುತ್ತಾ ನೋಡಿ, ಸ್ಪ್ರಿಂಗ್ ಕುಗ್ಗಿದಾಗ ತಾಗಬಾರದು.

ಇನ್ನು ಎರಡು ಕಡೆ ಜನ ಎಡವೋದು. ರಿಮ್ಮು ಮತ್ತು ವಾಲ್ವು. 8 ಪಿಆರ್ (ಪ್ಲೈ ರೇಟಿಂಗ್, ಟೈರಿನ ಗಟ್ಟಿತನದ ದರ್ಜೆ) ಎಲ್‌ಟಿ ಟೈರಿಗೆ 60 ದಾಟಿ ಗಾಳಿ ಬೇಕಾಗಬಹುದು. ಕಾರಿನ ರಿಮ್ ಅಷ್ಟಕ್ಕೆ ಮಾಡಿದ್ದಾ ಅಂತ ರಿಮ್ ಮೇಲಿನ ಅಚ್ಚು ನೋಡಿ ಅಥವಾ ತಯಾರಕರನ್ನ ಕೇಳಿ. ಕಾರಿಗೆ ಹಾಕೋ ಸಾದಾ ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ, ಅದರ ಹತ್ತಿರ ಹೋಗೋದಾದರೆ ನಟ್ ಬಿಗಿಯೋ ಲೋಹದ ವಾಲ್ವ್ ಹಾಕಿಸಿ. ಟೈರ್ ಬದಲಿಸಿ ಹಳೇ ವಾಲ್ವ್ ಉಳಿಸಿಕೊಳ್ಳೋದು ಚಿಲ್ಲರೆ ಉಳಿತಾಯ, ಅದು ಬೇಡ.

ಟೋ ಬಾರ್

ಟೈರಿನ ಜೊತೆಗೆ ಭಾರವನ್ನೂ ಸರಿಮಾಡಿ. ಆ 150 ಎಎಚ್ ಟ್ಯೂಬುಲರ್ ಬ್ಯಾಟರಿ ಸುಮಾರು 55 ಕೆಜಿ. ಅದನ್ನು ಎಡಗೋಡೆಯಿಂದ ಬಲಗೋಡೆಗೆ, ಒಂದೂವರೆ ಮೀಟರ್ ಸರಿಸಿದಿರಿ ಅಂದುಕೊಳ್ಳಿ. ಚಕ್ರಗಳ ನಡುವಿನ ಅಂತರ 1.6 ಮೀಟರ್ ಇದ್ದರೆ, 55 ಗುಣಿಸು 1.5 ಭಾಗಿಸು 1.6, ಅಂದರೆ 52 ಕೆಜಿ ಎಡ ಚಕ್ರದಿಂದ ಬಲ ಚಕ್ರಕ್ಕೆ ಹೋಗುತ್ತದೆ. 750 ಇದ್ದದ್ದು 698, 630 ಇದ್ದದ್ದು 682. ಹೆಚ್ಚುಕಡಿಮೆ ಸಮ. ಬ್ಯಾಟರಿಯನ್ನು ಆಕ್ಸಲ್ ಮೇಲೇ ಅಡ್ಡಕ್ಕೆ ಸರಿಸಿ. ಹಿಂದಕ್ಕೆ ಹೋದರೆ ಹಿಚ್ (ಕಾರಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲಿನ ಭಾರ ಕಡಿಮೆಯಾಗಿ ಟ್ರೇಲರ್ ಬಾಲ ಆಡಿಸುತ್ತದೆ.

ಕೇಬಲ್ ಉದ್ದವಾದರೆ ದಪ್ಪವೂ ಹೆಚ್ಚಬೇಕು, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಅದು ಬೇರೆ ಚರ್ಚೆ.

ಹುಬ್ಬಳ್ಳಿ ಹುಡುಗ, ಹೆಬ್ಬಾಳ

ಜೆ.ಸಿ. ರೋಡಿಗೆ ಹೋಗೂದಾದ್ರ ಮೊದಲು ಕೋಡ್ ನೋಡ್ರಿ, ಆಮೇಲೆ ರೇಟ್ ಮಾತಾಡ್ರಿ. ಆರು ತಿಂಗಳ ಒಳಗಿಂದು ಬೇಕು, ಎರಡೂ ಒಂದ ತಿಂಗಳಿನವು ಇದ್ರ ಚಲೋ. ಐಎಸ್‌ಐ ಗುರುತು ಇರಬೇಕು. ಕೋಡ್ ಫೋಟೋ ತೆಗೀರಿ, ಬಿಲ್ಲಿನ ಮ್ಯಾಲೂ ಬರಸ್ರಿ. ಫಿಟ್ ಮಾಡೂ ಮುಂದ ಕೋಡ್ ಇರೂ ಬದಿ ಹೊರಗ ಬರಬೇಕಂತ ಹೇಳ್ರಿ, ಭಾಳ ಟೈರಿನ್ಯಾಗ ಪೂರ್ತಿ ಕೋಡ್ ಒಂದ ಬದಿಗೆ ಇರತೈತಿ. ಒಳಗ ಹಾಕಿದ್ರ ಪ್ರತಿ ವರ್ಷ ಗಾಡಿ ಕೆಳಗ ಮಲಗಬೇಕಾಗ್ತೈತಿ. ಹೊಸ ಗಾಡಿಯಿಂದ ಬಿಚ್ಚಿದ್ದು ಅಂತ ಮಾರೂ ಟೈರ್ ಒಳ್ಳೇವೂ ಇರತಾವು, ಖರೆ ಕೋಡ್ ಹಳೇದಿದ್ರ ಬ್ಯಾಡ. ರೀಟ್ರೆಡ್ (ಹಳೇ ಟೈರಿಗೆ ಹೊಸ ಬಟನ್ ಅಂಟಿಸಿದ್ದು) ಲಾರಿಗೆ ಇರ್ಲಿ, ನಮಗ ಬ್ಯಾಡ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18ಕ್ಕ ಇಳದೈತಿ, ಹಳೇ ರೇಟ್ ಹೇಳಿದ್ರ ಕೇಳ್ರಿ.

ಅಮ್ಮನ ಗಾಡಿ

ನಮ್ಮದು ಡಬಲ್ ಆಕ್ಸಲ್, ನಾಲ್ಕು ಟೈರ್. ಒಂದು ಮಾತ್ರ ಪಂಕ್ಚರ್ ಆಗಿ ಪೂರ್ತಿ ಗಾಳಿ ಹೋಗಿದೆ. ಒಂದೇ ಬದಲಿಸಿದರೆ ಸಾಕಾ?

ಗಾಳಿಮಾಪಕ

ಗಾಳಿ ಇಲ್ಲದೆ ಎಷ್ಟು ದೂರ ಓಡಿದೆ ಅನ್ನೋದೇ ಪ್ರಶ್ನೆ. ಟೈರ್ ಬಿಚ್ಚಿಸಿ ಒಳಗೆ ಟಾರ್ಚ್ ಬಿಡಿ. ಕಪ್ಪು ರಬ್ಬರ್ ಪುಡಿ ಉದುರಿದ್ದರೆ, ಸೈಡ್‌ವಾಲ್ ಒಳಮೈಯಲ್ಲಿ ಸುತ್ತಲೂ ಉಜ್ಜಿದ ಬಳೆಯಂಥ ಗುರುತಿದ್ದರೆ ಆ ಟೈರ್ ಹೋಯ್ತು. ಪ್ಯಾಚ್ ಹಾಕಿ ಗಾಳಿ ನಿಂತರೂ ಸೈಡ್‌ವಾಲ್ ನೂಲು ಬೆಂದಿರುತ್ತೆ.

ಡಬಲ್ ಆಕ್ಸಲ್‌ನಲ್ಲಿ ಅದರ ಪಕ್ಕದ ಟೈರ್ ಅಷ್ಟು ಹೊತ್ತು ಇಬ್ಬರ ಭಾರವನ್ನೂ ಹೊತ್ತಿದೆ. ಹೊರಗೆ ಚೆನ್ನಾಗೇ ಕಾಣುತ್ತೆ, ಮುಂದಿನ ಸಲ ಸಿಡಿಯೋದು ಅದೇ. ಹತ್ತಾರು ಕಿ.ಮೀ. ಹಾಗೆ ಓಡಿದ್ದರೆ ಆ ಬದಿಯ ಎರಡನ್ನೂ ತೆಗೆಯಿರಿ. ಪಂಕ್ಚರ್ ಆದ ತಕ್ಷಣ ನಿಂತಿದ್ದರೆ, ಮೊಳೆ ಬಟನ್ ನಡುಭಾಗದಲ್ಲಿದ್ದರೆ ಒಳಗಿಂದ ಹಾಕೋ ಮಶ್ರೂಮ್ ಪ್ಯಾಚ್ ಸಾಕು. ಹೊರಗಿಂದ ತುರುಕೋ ದಾರ ಮುಂದಿನ ಊರು ಮುಟ್ಟೋಕೆ ಮಾತ್ರ. ಬಟನ್ ಮತ್ತು ಸೈಡ್‌ವಾಲ್ ಸೇರೋ ಭುಜದ ಅಂಚು, ಸೈಡ್‌ವಾಲ್‌ಗೆ ಪ್ಯಾಚ್ ಇಲ್ಲ.

ಡಬಲ್ ಆಕ್ಸಲ್‌ನಲ್ಲಿ ಇನ್ನೊಂದು ಶತ್ರು ಬೆಂಗಳೂರಿನ ಗಲ್ಲಿ. ಕಿರಿದಾದ ಗೇಟಿನಲ್ಲಿ ಪೂರ್ತಿ ಮುರಿದು ತಿರುಗಿಸಿದರೆ ಟೈರ್‌ಗಳು ಉರುಳದೆ ಅಡ್ಡಡ್ಡ ಎಳೆದಾಡುತ್ತವೆ. ಪಕ್ಕದಲ್ಲಿ ನಿಂತು ನೋಡಿ, ರಿಮ್ ಒಂದು ಕಡೆ, ಬಟನ್ ಒಂದು ಕಡೆ ತಿರುಚಿಕೊಂಡಿರುತ್ತೆ. ಬೆಲ್ಟ್ ಅಂಚು ಬಿಡೋದು ಅಲ್ಲಿಂದಲೇ. ದೊಡ್ಡ ವೃತ್ತದಲ್ಲಿ ತಿರುಗಿಸಿ, ಒಂದೇ ಸಲಕ್ಕೆ ಬದಲು ಮೂರು ಸಲ ಹಿಂದೆ ಮುಂದೆ ಮಾಡಿ.

ಬನಶಂಕರಿ ಕ್ಯಾಂಪರ್

ಟಿಪಿಎಂಎಸ್ (ಓಡುವಾಗಲೇ ಟೈರಿನ ಗಾಳಿ, ಬಿಸಿ ತೋರಿಸುವ ಸೆನ್ಸರ್) ಹಾಕಿದರೆ ಉಪಯೋಗ ಇದೆಯೇ?

ಟೋ ಬಾರ್

ಟ್ರೇಲರಿಗೆ ಹಾಕುವ ಎಲ್ಲ ಎಲೆಕ್ಟ್ರಾನಿಕ್ಸ್‌ನಲ್ಲಿ ಮೊದಲು ಹಾಕಬೇಕಾದ್ದು ಅದು. ಕ್ಯಾಪ್ ಥರ ತಿರುಗಿಸುವ ಸೆನ್ಸರ್ ತೂಕಕ್ಕೆ ರಬ್ಬರ್ ವಾಲ್ವ್ ಬಾಗಿ ಬುಡದಲ್ಲಿ ಬಿರಿಯುತ್ತದೆ, ಲೋಹದ ವಾಲ್ವ್ ಬೇಕು ಅನ್ನುವುದಕ್ಕೆ ಇದು ಇನ್ನೊಂದು ಕಾರಣ. ಕಡಿಮೆ ಗಾಳಿಯ ಎಚ್ಚರಿಕೆಯನ್ನು ತಣ್ಣಗಿನ ಅಂಕಿಗಿಂತ 10–15 ಶೇಕಡಾ ಕೆಳಗೆ, ಬಿಸಿಯದನ್ನು 70 ಡಿಗ್ರಿಗೆ ಇಡಿ. ಡಿಸ್‌ಪ್ಲೇಯಲ್ಲಿ ಎರಡು ಬದಿ ಹೋಲಿಸಿ: ಒಂದು ಟೈರ್ ಇನ್ನೊಂದಕ್ಕಿಂತ 10 ಡಿಗ್ರಿಗೂ ಹೆಚ್ಚು ಬಿಸಿ ಇದ್ದರೆ ನಿಲ್ಲಿಸಿ ನೋಡಿ. ಹಬ್ ಮುಟ್ಟಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದಿದೆ, ಟೈರಿನ ತಪ್ಪಲ್ಲ. ಬಿಸಿಲು ಒಂದೇ ಬದಿಗೆ ಬೀಳುತ್ತಿದ್ದರೂ ಸ್ವಲ್ಪ ವ್ಯತ್ಯಾಸ ಬರುತ್ತದೆ, ಅದಕ್ಕೆ ಗಾಬರಿ ಬೇಡ.

ಲೀಫ್ ಸ್ಪ್ರಿಂಗ್

ಹಾಕಿಸುವಾಗ: ಟ್ರೇಲರ್ ಕಾರಿಗೆ ಕಟ್ಟಿಕೊಂಡೇ ಇರಲಿ, ಎದುರು ಬದಿಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು. ಎತ್ತೋ ಮೊದಲೇ ನಟ್ ಕಾಲು ಸುತ್ತು ಸಡಿಲಿಸಿ. ಲೀಫ್ ಸ್ಪ್ರಿಂಗ್ ಇದ್ದರೆ ಜಾಕ್ ಯು ಬೋಲ್ಟಿನ ಪ್ಲೇಟಿನ ಕೆಳಗೆ, ಆಕ್ಸಲ್ ಪೈಪಿನ ನಡುವೆ ಬೇಡ. ರಬ್ಬರ್ ಟಾರ್ಷನ್ ಆಕ್ಸಲ್ ಇರೋರು ಆಕ್ಸಲ್ ಮುಟ್ಟಲೇಬೇಡಿ, ಚಾಸಿಗೆ ಕೊಡಿ. ರಿಮ್ಮಿನಲ್ಲಿ ಟೈರ್ ಕೂರೋ ಅಂಚಿಗೆ ತುಕ್ಕು ಇದ್ದರೆ ತಂತಿ ಬ್ರಷ್ ಹಾಕಿಸಿ, ಇಲ್ಲದಿದ್ದರೆ ವಾರಕ್ಕೆ ಐದು ಪಿಎಸ್‌ಐ ಸೋರುತ್ತೆ. ಬ್ಯಾಲೆನ್ಸ್ ಮಾಡಿಸಿ. ಹೇಗೂ ಚಕ್ರ ಬಿಚ್ಚಿದೆ, ಬೇರಿಂಗ್ ಗ್ರೀಸ್ ಬದಲಿಸಿಬಿಡಿ.

ನಟ್ ಎದುರುಬದುರು ಬಿಗೀರಿ, ಮೂರು ಸುತ್ತಲ್ಲಿ. ಅರ್ಧ ಇಂಚಿನ ಸ್ಟಡ್‌ಗೆ ಸಾಮಾನ್ಯವಾಗಿ 120ರಿಂದ 160 ನ್ಯೂಟನ್ ಮೀಟರ್, ನಿಮ್ಮದಕ್ಕೆ ಆಕ್ಸಲ್ ಮಾಡಿದವರ ಅಂಕಿ ಕೇಳಿ. ಗಾಳಿ ಗನ್ನಿನಲ್ಲಿ ಕೊನೇ ಬಿಗಿತ ಕೊಡೋಕೆ ಬಿಡಬೇಡಿ. 50 ಕಿ.ಮೀ. ಆದಮೇಲೆ ಒಮ್ಮೆ, 100ಕ್ಕೆ ಇನ್ನೊಮ್ಮೆ ಟಾರ್ಕ್ ವ್ರೆಂಚ್ ಇಟ್ಟು ನೋಡಿ. ಹಾಸನದ ಕಡೆ ಹೋಗೋದಾದರೆ ಮೊದಲನೇದು ನೆಲಮಂಗಲ ದಾಟಿದ ಮೇಲಿನ ಕಾಫಿ ಹೊತ್ತಿಗೆ ಸರಿಹೋಗುತ್ತೆ.

ಆಮೇಲೆ ನಿಲ್ಲಿಸಿಡುವಾಗ ಚಕ್ರದ ಕೆಳಗೆ ಮರದ ಹಲಗೆ, ಬಿಸಿಲು ಬೀಳದ ಹಾಗೆ ದಪ್ಪ ಬಟ್ಟೆಯ ಕವರ್. ತಿಂಗಳಿಗೊಮ್ಮೆ ಕಾಲು ಸುತ್ತು ಉರುಳಿಸಿ. ಮೂರು ತಿಂಗಳ ಮೇಲೆ ನಿಲ್ಲೋದಾದರೆ ಸ್ಟ್ಯಾಂಡ್ ಕೊಟ್ಟು ಭಾರ ಇಳಿಸಿ. ಜನರೇಟರ್, ಮೋಟರ್ ಓಡೋ ಜಾಗದ ಪಕ್ಕ ಬೇಡ, ಅಲ್ಲಿ ಓಜೋನ್ ಜಾಸ್ತಿ. ಮಿರಮಿರ ಅನ್ನೋ ಟೈರ್ ಪಾಲಿಶ್ ಹಚ್ಚಬೇಡಿ, ಪೆಟ್ರೋಲಿಯಂ ಇರೋದು ಆ ಮೇಣವನ್ನೇ ಕರಗಿಸುತ್ತೆ. ಸೋಪು ನೀರು ಸಾಕು.

ಗಾಳಿಮಾಪಕ

ಬನಶಂಕರಿ ಸಾರ್, ಸ್ಟೆಪ್ನಿ ಕೋಡ್ ನೋಡಿದ್ರಾ?

ಬನಶಂಕರಿ ಕ್ಯಾಂಪರ್

ಈಗ ನೋಡಿದೆ. 4416. ಹಿಂದಿನ ಗೋಡೆಗೆ ತೂಗುಹಾಕಿದ್ದು, ಕವರ್ ಇಲ್ಲ, ಪಶ್ಚಿಮದ ಬಿಸಿಲು. ಗಾಳಿ 11 ಪಿಎಸ್‌ಐ.

ಮೂರು ಎಲ್‌ಟಿ ಆರ್ಡರ್ ಕೊಡುತ್ತೇನೆ. ಹಳೆಯ ಮೂರನ್ನು ಮಹಡಿ ಮೇಲೆ ಗಿಡಕ್ಕೆ ಇಡಬಹುದೇ?

ಹುಬ್ಬಳ್ಳಿ ಹುಡುಗ, ಹೆಬ್ಬಾಳ

ಇಡ್ರಿ, ಆದ್ರ ಕೆಳಗ ನಾಕ ತೂತು ಕೊರೀರಿ, ಮಳಿ ನೀರು ನಿಂತ್ರ ಡೆಂಗಿ ಸೊಳ್ಳಿ. ಅಂಗಡಿಗೆ ಬಿಟ್ಟು ಬರೂದಾದ್ರ ಸೈಡ್‌ವಾಲ್ ಕೊಯ್ದು ಬಿಡ್ರಿ. 6.5 ಮಿ.ಮೀ. ಬಟನ್ ಇರೂ ಟೈರ್ ನೋಡಿದ್ರ ಯಾರರ ತಮ್ಮ ಗಾಡಿಗೆ ಹಾಕ್ಕೊಂಡಾರು.